ಹಿಮ್ಮಡಿಯ ತಗ್ಗು

ಬಂದರಿನವರ ನಿಯಮ ಒಂದೇ: ಒಂದು ಮನೆಯವರಿಗೆ ಒಂದು ದೋಣಿ ಕಟ್ಟುವ ಜಾಗ. ನಮ್ಮದು ಈಗ ಎರಡಾಗಿತ್ತು. ಒಂದು, ನಾನೂ ನಮ್ಮವರೂ ಮೂವತ್ತೊಂದು ವರ್ಷ ಸುತ್ತಾಡಿದ, ಕೊನೆಯ ಹನ್ನೆರಡು ವರ್ಷ ಮನೆಯನ್ನೇ ಮಾಡಿಕೊಂಡಿದ್ದ ಹಳೆಯ ಹಾಯಿದೋಣಿ. ಇನ್ನೊಂದು, ಮಗಳೂ ಅಳಿಯನೂ ನನಗೆಂದೇ ತಂದು ಅದರ ಮಗ್ಗುಲಿಗೆ ಕಟ್ಟಿದ್ದ, ಮೂರೇ ವರ್ಷದ ಹೊಸದು. ಶನಿವಾರದೊಳಗೆ ಒಂದು ಹೊರಡಬೇಕಿತ್ತು. ಹಳೆಯದನ್ನು ಕೊಳ್ಳುವವರಿಲ್ಲ, ಅದು ಹೊರಟರೆ ದೋಣಿ ಒಡೆಯುವ ಅಂಗಳಕ್ಕೇ ಹೋಗುವುದು.

ಎಂಟು ತಿಂಗಳ ಹಿಂದೆ ನಮ್ಮವರು ಆಸ್ಪತ್ರೆಯಲ್ಲಿ ತೀರಿಕೊಂಡ ಮೇಲೆ ನಾನೊಬ್ಬಳೇ ಅದರಲ್ಲಿ ಮಲಗುತ್ತಿದ್ದೆ. ಹೇಗಿದ್ದೀರಿ ಎಂದು ಕೇಳಿದವರಿಗೆ ಇದ್ದೀನಿ ಎನ್ನುತ್ತಿದ್ದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಅಳಿಯನ ಉದ್ಯೋಗ ದೋಣಿಗಳನ್ನು ಪರೀಕ್ಷಿಸುವುದು. ಎಲ್ಲಿ ಸೋರುತ್ತದೆ, ಎಲ್ಲಿ ಕೊಳೆತಿದೆ ಎಂದು ಹುಡುಕಿ ಹುಡುಕಿ ನಮ್ಮ ಮದುವೆಯ ಫೋಟೋವನ್ನೂ ಅವನು ಟಾರ್ಚು ಹಿಡಿದೇ ನೋಡಿದ್ದ. ಕಾಗದದ ಮೇಲೆ ಎರಡು ಗೆರೆ ಎಳೆದು, ಹಳೆಯದು, ಹೊಸದು ಎಂದು ಬರೆದು ನನ್ನ ಕೈಗಿತ್ತ. "ಅತ್ತೆ, ಇರೋರು ನೀವು. ಅಂಕ ನೀವೇ ಹಾಕಿ. ಯಾವ್ದು ಗೆದ್ರೂ ನಂಗೇನೂ ಬೇಜಾರಿಲ್ಲ."

"ಬೇಜಾರಿಲ್ವಂತೆ," ಅಂದಳು ಮಗಳು. "ಮೂರು ವಾರದಿಂದ ಮನೇಲಿ ಆ ಹೊಸ ದೋಣಿ ಬಿಟ್ರೆ ಬೇರೆ ಮಾತಿಲ್ಲ."

ನಾನು ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ. ಗೆರೆ ಎಳೆದ ಕಾಗದ ಕಂಡರೆ ಈಗಲೂ ಬೆನ್ನು ನೆಟ್ಟಗಾಗುತ್ತದೆ. ಕಟ್ಟೆಯ ಮೇಲೆ ಕೂತು ನಿಧಾನವಾಗಿ ತುಂಬಿಸಿದೆ. ನಿಲ್ಲುವ ಎತ್ತರ: ಹಳೆಯದರಲ್ಲಿ ತಲೆ ತಗ್ಗಿಸಬೇಕು, ಹೊಸದರಲ್ಲಿ ಕೈ ಎತ್ತಬಹುದು. ನೀರು: ಹಳೆಯದರಲ್ಲಿ ಕಾಲಿನಿಂದ ಒತ್ತುವ ಪಂಪು, ಹೊಸದರಲ್ಲಿ ಬಿಸಿನೀರೂ ಇದೆ. ಎಂಜಿನ್: ಹಳೆಯದಕ್ಕೆ ಬೆಳಗಿನ ಹೊತ್ತು ಮೂರು ಸಲ ಬೇಡಿಕೊಳ್ಳಬೇಕು, ಹೊಸದಕ್ಕೆ ಗುಂಡಿ. ವಾಸನೆ: ಹಳೆಯದು ಡೀಸೆಲ್ಲು, ಒದ್ದೆ ಕಂಬಳಿ, ಹೊಸದು ಏನೂ ಇಲ್ಲ. ವಾಸನೆಗೆ ಎರಡಕ್ಕೂ ಸೊನ್ನೆ ಹಾಕಿದೆ. ಚುಕ್ಕಾಣಿ ಬಿಟ್ಟು ಚಹಾ ಕುಡಿದರೂ ಹಿಡಿದ ದಾರಿಯಲ್ಲೇ ಹೋಗುವುದು: ಇದೊಂದರಲ್ಲಿ ಹಳೆಯದಕ್ಕೆ ಹತ್ತಕ್ಕೆ ಹತ್ತು. ಪಕ್ಕದ ದೋಣಿಯ ಮೇಷ್ಟ್ರು ಗಡ್ಡ ಕೆರೆಯುತ್ತಾ, ಎರಡು ದೋಣಿ ಮೇಲೆ ಕಾಲಿಡೋದು ಅಂತ ಬರೀ ಕೇಳಿದ್ದೆ, ಇವತ್ತು ಕಣ್ಣಾರೆ ಕಂಡೆ ಎಂದರು. ಅಳಿಯ ಮಾತ್ರ ನಕ್ಕ.

ಗುರುವಾರ ಎರಡನ್ನೂ ಒಂದೇ ಗಾಳಿಗೆ ಓಡಿಸಿ ನೋಡುವುದೆಂದಾಯಿತು. ಮೊದಲು ಹಳೆಯದು. ಮಗಳು ತನ್ನ ಅಪ್ಪನ ಜಾಗದಲ್ಲಿ ಚುಕ್ಕಾಣಿ ಹಿಡಿದಳು. ನಾನು ನನ್ನ ಜಾಗದಲ್ಲಿ, ಮುಂದಿನ ಹಾಯಿಯ ಹಗ್ಗ ಹಿಡಿದು ಕೂತೆ. ಎದುರು ಗಾಳಿಯಲ್ಲಿ ನೇರ ಹೋಗಲಾಗದು. ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಎಂದು ಓರೆಯಾಗಿ ಹೋಗಬೇಕು. ಪ್ರತಿ ತಿರುವಿನಲ್ಲೂ ನಾನು ಹಗ್ಗ ಬಿಟ್ಟರೆ ಹಾಯಿ ಮಗ್ಗುಲು ಬದಲಾಯಿಸುತ್ತದೆ. ಬಿಡದಿದ್ದರೆ ದೋಣಿ ನಿಂತುಬಿಡುತ್ತದೆ.

ಬಂದರಿನ ಕಲ್ಲುಗೋಡೆ ಹತ್ತಿರವಾಗುತ್ತಿತ್ತು. ಮಗಳು ತಿರುಗಿಸಿದಳು. ಹಗ್ಗ ಬಿಡು ಎಂದಳು. ಮತ್ತೆ ಎಂದಳು. ಮೂರನೆಯ ಸಲ ಅವಳ ದನಿ ಒಡೆದಿತ್ತು. ಹಾಯಿ ತಿರುವುಮುರುವಾಗಿ ಗಾಳಿ ತುಂಬಿಕೊಂಡಿತು, ದೋಣಿ ನಿಂತಿತು, ಆಮೇಲೆ ಗೋಡೆಯ ಕಡೆಗೇ ಅಡ್ಡಕ್ಕೆ ಜಾರತೊಡಗಿತು. ನಡುವೆ ಕೂತಿದ್ದ ಅಳಿಯ ಹಾರಿ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹಗ್ಗ ಕಿತ್ತ. ಗೋಡೆಗೂ ನಮಗೂ ಒಂದು ಮಂಚದಷ್ಟು ದೂರ ಉಳಿದಿತ್ತು.

"ಅಮ್ಮ, ಕಿವಿ ಕೇಳಿಸಲ್ವಾ ನಿಂಗೆ?"

"ಕೇಳಿಸ್ತು ಕಣೆ. ಮೂರು ಸಲಾನೂ ಕೇಳಿಸ್ತು."

"ಮತ್ತೆ?"

"ನೀನು ಕಾಲು ತಟ್ಟಲಿಲ್ಲ."

ಅವಳಿಗೆ ಅರ್ಥವಾಗಲಿಲ್ಲ. ನನಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ ಅನ್ನಬೇಕು. ಗಾಳಿಯಲ್ಲಿ ಮಾತು ಕೇಳಿಸುವುದಿಲ್ಲವೆಂದು ನಮ್ಮವರು ಎಂದೂ ಕೂಗುತ್ತಿರಲಿಲ್ಲ. ಬರಿಗಾಲ ಹಿಮ್ಮಡಿಯಿಂದ ಹಲಗೆಯ ಮೇಲೆ ಎರಡು ಸಲ ತಟ್ಟುವರು. ಎರಡನೆಯದಕ್ಕೆ ನಾನು ಬಿಡುವೆ. ಅವಳ ಕಾಲಿನ ಪಕ್ಕದಲ್ಲೇ ಇದ್ದ, ಬಟ್ಟಲಿನ ತಳದಂತೆ ಸವೆದ ತಗ್ಗನ್ನು ತೋರಿಸಿದೆ. ಅಳಿಯ ಬಗ್ಗಿ ಬೆರಳಾಡಿಸಿ, ನೀರು ನಿಂತು ಹೀಗಾಗಿದೆ ಅಂತ ಬರೆದುಕೊಂಡಿದ್ದೆ ಎಂದ. ಆಮೇಲೆ ಆ ಸಾಲನ್ನು ಹೊಡೆದುಹಾಕಿದ.

ಮಧ್ಯಾಹ್ನ ಹೊಸದರಲ್ಲಿ ಹೋದೆವು. ಬೇಗ ಓಡಿತು. ಅಗಲ ಹೊಟ್ಟೆಯ ದೋಣಿ, ಅಲೆಯ ಮೇಲೆ ಬಟ್ಟೆ ಒಗೆಯುವ ಕಲ್ಲಿನಂತೆ ಸದ್ದು ಮಾಡಿತು. ಅದರ ಮುಂದಿನ ಹಾಯಿ ಒಂದು ಹಳಿಯ ಮೇಲೆ ಆಚೆಯಿಂದ ಈಚೆಗೆ ತಾನೇ ಜಾರುತ್ತದೆ. ಹಗ್ಗ ಹಿಡಿಯುವವರೂ ಬೇಡ, ಬಿಡುವವರೂ ಬೇಡ. ನಾನು ಬೀಗರ ಮನೆಗೆ ಬಂದವಳಂತೆ ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದೆ. ಹೇಗನ್ನಿಸ್ತು ಎಂದು ಅಳಿಯ ಮೆಲ್ಲಗೆ ಕೇಳಿದ. ಚೆನ್ನಾಗಿದೆ ಎಂದೆ. ಏನಾದರೂ ಅನ್ನಿಸಲೆಂದು ನಾನೂ ಕಾಯುತ್ತಲೇ ಇದ್ದೆ.

ಸಂಜೆ ಕಾಗದದ ಕೊನೆಗೆ ಬರೆದೆ: ಹಳೆಯದಕ್ಕೆ ಇಬ್ಬರು ಬೇಕು. ಆ ಇಬ್ಬರು ನಾನೂ ಮಗಳೂ ಅಲ್ಲ. ಹೊಸದೇ ಇರಲಿ.

ಓದಿ ಮಗಳು ಅತ್ತಳು. ನಾನು ಹಳೆಯದರ ಕಪಾಟು ಖಾಲಿ ಮಾಡಿದೆ. ಒಲೆ ತಿಕ್ಕಿದೆ, ನೆಲ ಒರೆಸಿದೆ. ಎರವಲು ತಂದ ಪಾತ್ರೆಯನ್ನು ಯಾರೂ ತೊಳೆಯದೆ ವಾಪಸು ಕೊಡುವುದಿಲ್ಲ.

ಶನಿವಾರ ಅದನ್ನು ಎಳೆದೊಯ್ಯುವ ಯಾಂತ್ರಿಕ ದೋಣಿ ಬಂತು. ಅಳಿಯ ಮುಂದಿನ ಹಗ್ಗಗಳನ್ನು ಬಿಚ್ಚಿದ. ಹಿಂದಿನದೊಂದು ಕಟ್ಟೆಯ ಗೂಟಕ್ಕೆ ಸುತ್ತು ಹಾಕಿದ್ದು, ತುದಿ ನನ್ನ ಕೈಯಲ್ಲಿತ್ತು. ಬಿಡಿ ಅಮ್ಮ ಎಂದ ಎಳೆಯುವವನು. ಕೇಳಿಸಿತು. ಹಗ್ಗ ಬಿಗಿಯಾಗಿ ಗೂಟದ ಮೇಲೆ ಕಿರುಗುಟ್ಟಿತು. ಅವನು ಇನ್ನೊಮ್ಮೆ, ಸ್ವಲ್ಪ ಒರಟಾಗಿಯೇ ಕೂಗಿದ. ಅಳಿಯ ನನ್ನತ್ತ ಒಂದು ಹೆಜ್ಜೆ ಇಟ್ಟ. ಮಗಳು ಅವನ ತೋಳು ಹಿಡಿದು ನಿಲ್ಲಿಸಿದಳು.

ಅವಳು ಚಪ್ಪಲಿ ಕಳಚಿ, ನನ್ನ ಪಕ್ಕ ಬಂದು ನಿಂತು, ಕಟ್ಟೆಯ ಕಲ್ಲಿನ ಮೇಲೆ ಹಿಮ್ಮಡಿಯಿಂದ ಎರಡು ಸಲ ತಟ್ಟಿದಳು. ಕಲ್ಲಿಗೆ ಹಲಗೆಯ ಸದ್ದು ಬರುವುದಿಲ್ಲ. ಆದರೂ ಎರಡನೆಯದಕ್ಕೆ ನನ್ನ ಕೈ ಬಿಚ್ಚಿಕೊಂಡಿತು.

ಹಗ್ಗವೆಲ್ಲ ನೀರಿಗೆ ಬಿತ್ತಲ್ಲ ಎಂದು ಗೊಣಗುತ್ತಾ ಎಳೆಯುವವನು ಅದನ್ನು ಸುತ್ತಿಕೊಂಡ. ದೋಣಿ ಗೋಡೆಯ ತಿರುವಿನವರೆಗೂ ನೆಟ್ಟಗೇ ಹೋಯಿತು.

ಹೊಸದರ ಒಲೆಯ ಗುಂಡಿಯನ್ನು ಯಾವ ಕಡೆ ತಿರುಗಿಸಬೇಕೆಂದು ಅಳಿಯ ಇನ್ನೊಮ್ಮೆ ತೋರಿಸಿದ. ನೋಡಿಕೊಂಡೆ.