ಮುರಿಯದ ಸೀಮೆಸುಣ್ಣ

"ತಲೆ ಕಡೆ ಎತ್ರೀ, ತಲೆ ಕಡೆ!" ಎಂದು ಒಬ್ಬರು ಕೂಗಿದರೆ, "ಬೇಡ, ಮೊದ್ಲು ಕಾಲು ಕಡೆ ತಿರುಗಿಸಿ" ಎಂದು ಇನ್ನೊಬ್ಬರು ಕೂಗಿದರು. ಶವದ ಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು ಹಿಂದಕ್ಕೂ ಬರದೆ ಮುಂದಕ್ಕೂ ಹೋಗದೆ ನಿಂತಿತ್ತು. ಹೊತ್ತವರೇನು ಸಾಮಾನ್ಯರೇ? ಕಾರ್ಖಾನೆಗಳಲ್ಲಿ ಕೆಲಸಗಾರರ ಕೈಕಾಲು ಉಳಿಸುವುದು ಹೇಗೆಂದು ಊರಿಗೆಲ್ಲ ಬುದ್ಧಿ ಹೇಳುವ ಸುರಕ್ಷತಾ ಸಂಶೋಧನಾಲಯದ ನಾಲ್ವರು ತಜ್ಞರು. ಒಬ್ಬರು ಗೋಡೆಗೂ ಪೆಟ್ಟಿಗೆಗೂ ನಡುವಿನ ಸಂದನ್ನು ಗೇಣು ಹಾಕಿ ಅಳೆಯುತ್ತಿದ್ದರು. ಒಳಗೆ ಮಲಗಿದ್ದವನಿಗೆ ಇದು ಹೊಸದಲ್ಲ. ಬದುಕಿದ್ದಷ್ಟು ದಿನವೂ ಅದೇ ಸಂಶೋಧನಾಲಯದಲ್ಲಿ ಇವರ ನಡುವೆ ಸಿಕ್ಕಿಕೊಂಡೇ ಇದ್ದವನು.

ಮೆಟ್ಟಿಲ ಮೇಲ್ತುದಿಯಲ್ಲಿ ಅವನ ಹೆಂಡತಿ ನಿಂತಿದ್ದಳು. ಪಕ್ಕದಲ್ಲಿ ಅವಳ ತಮ್ಮ, ಬಲಗೈಗೆ ಕಪ್ಪು ಕೈಗವಸು. ಬೆಳಗ್ಗಿನಿಂದ ಅವಳನ್ನು ಕಾಡುತ್ತಿದ್ದ ಭಯ ಒಂದೇ: ಇವನು ಭಾವನಿಗೆ ಹೆಗಲು ಕೊಡುತ್ತಾನೋ ಇಲ್ಲವೋ. ಬಂದಿದ್ದ, ಕುರ್ಚಿ ಹಾಕಿದ್ದ, ಬಂದವರಿಗೆ ನೀರು ಕೊಟ್ಟಿದ್ದ. ಪೆಟ್ಟಿಗೆಯನ್ನು ಮಾತ್ರ ಮುಟ್ಟಿರಲಿಲ್ಲ. ಬಾಯಿಬಿಟ್ಟು ಕೇಳುವ ಮುಖ ಅವಳಿಗಿರಲಿಲ್ಲ.

ಸಂಶೋಧನಾಲಯದ ನಿರ್ದೇಶಕರು ಪೆಟ್ಟಿಗೆ ಹೊತ್ತಿರಲಿಲ್ಲ. ಹೊರುವವರಿಗೆ ದಾರಿ ತೋರಿಸುವುದಷ್ಟೇ ಅವರ ಕೆಲಸ. ಹೇಗೂ ಪೆಟ್ಟಿಗೆ ನಿಂತಿದೆಯಲ್ಲ ಎಂದು ಅವರು ಎರಡು ಮೆಟ್ಟಿಲು ಹತ್ತಿ ಬಂದು ಕೈಮುಗಿದರು.

"ತಾಯಿ, ನಿಮಗೊಂದು ಸಮಾಧಾನದ ಸುದ್ದಿ. ತಗಡು ಒತ್ತೋ ಪ್ರೆಸ್ಸಿಗೆ ಕೈ ಕಾಯೋ ಗಾರ್ಡು ಕಡ್ಡಾಯ ಅಂತ ಹೋದ ತಿಂಗಳು ನಿಯಮ ಬಂತಲ್ಲ, ಅದಕ್ಕೆ ಇವರ ಹೆಸರೇ ಇಡೋಣ ಅಂತಿದ್ದೀವಿ. ಸಾವಿರಾರು ಕೈ ಉಳಿಸಿದ ಮಹಾನುಭಾವರು. ಕೆಳಗೆ ಪೇಪರ್‌ನವರು ಕಾಯ್ತಿದ್ದಾರೆ, ನೀವು ಹೂಂ ಅಂದ್ರೆ ಸಾಕು."

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದವರು, ಈಗ ಬಾಗಿಲಿಗೆ ಹೆಸರು ಕೆತ್ತಿಸಲು ಬಂದಿದ್ದರು.

"ನನ್ನನ್ನೇನು ಕೇಳ್ತೀರಿ?" ಎಂದಳು ಅವಳು. "ನನ್ನ ತಮ್ಮನ್ನ ಕೇಳಿ."

*

ಎಷ್ಟೋ ವರ್ಷಗಳ ಹಿಂದೆ ಆ ಗಾರ್ಡನ್ನು ಪರೀಕ್ಷೆ ಮಾಡಿದವನು ಅವನೇ, ಅದು ಸುಳ್ಳಲ್ಲ. ತಗಡು ಒತ್ತುವ ಪ್ರೆಸ್ಸಿನ ಬಾಯಲ್ಲಿ, ಕೆಲಸಗಾರನ ಬೆರಳಿರುವ ಜಾಗದಲ್ಲಿ, ಸೀಮೆಸುಣ್ಣದ ಕಡ್ಡಿ ಇಟ್ಟು ಯಂತ್ರ ಓಡಿಸುತ್ತಿದ್ದ. ಗಾರ್ಡಿಲ್ಲದಿದ್ದರೆ ಕಡ್ಡಿ ಹಿಟ್ಟಾಗುತ್ತಿತ್ತು. ಗಾರ್ಡಿದ್ದರೆ ಅದು ಮೊದಲು ಇಳಿದು ಕಡ್ಡಿಯನ್ನು ಮೆಲ್ಲಗೆ ಮುಟ್ಟುತ್ತಿತ್ತು, ಮುಟ್ಟಿದೊಡನೆ ಪ್ರೆಸ್ ನಿಂತುಬಿಡುತ್ತಿತ್ತು. ಎಷ್ಟು ಸಲ ಮಾಡಿದರೂ ಒಂದು ಕಡ್ಡಿಯೂ ಮುರಿಯಲಿಲ್ಲ. ಆ ಸಂಜೆ ಅಂಗಿಗೆಲ್ಲ ಬಿಳಿ ಪುಡಿ ಮೆತ್ತಿಕೊಂಡು ಮನೆಗೆ ಬಂದವನು ಜೇಬಿನಿಂದ ಇಡೀ ಕಡ್ಡಿಯೊಂದನ್ನು ತೆಗೆದು ಹೆಂಡತಿಯ ಅಂಗೈಯಲ್ಲಿಟ್ಟ. ಅವನು ಅವಳಿಗೆ ತಂದುಕೊಟ್ಟ ಒಡವೆಗಳಲ್ಲೆಲ್ಲ ಅದೇ ಚೆನ್ನಾಗಿತ್ತು.

ಆಮೇಲೆ ಕಾರ್ಖಾನೆ ಮಾಲೀಕರು ಸಂಶೋಧನಾಲಯಕ್ಕೆ ಬಂದು ಹೋದರು. ಗಾರ್ಡು ಹಾಕಿದರೆ ಕೆಲಸ ನಿಧಾನವಾಗುತ್ತದಂತೆ. ಈಗಿನ ನಿರ್ದೇಶಕರು ಆಗ ವಿಭಾಗದ ಮುಖ್ಯಸ್ಥರು. ವರದಿಯ ಕೊನೆಗೆ ಒಂದೇ ಒಂದು ಸಾಲು ಸೇರಿಸಿ ಎಂದರು: 'ಹೆಚ್ಚಿನ ಅಧ್ಯಯನ ಅಗತ್ಯ.' ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವನು ಸೇರಿಸಿದ. ವರದಿ ಕಪಾಟು ಸೇರಿತು.

"ರೀ, ಒಂದು ಕಡ್ಡೀನೂ ಮುರೀಲಿಲ್ಲ ಅಂದ್ರಿ. ಇನ್ನೇನು ಅಧ್ಯಯನ?" ಎಂದು ಹೆಂಡತಿ ಕೇಳಿದಳು.

"ಅದೆಲ್ಲ ದೊಡ್ಡವರ ವಿಷಯ ಕಣೇ. ನಮಗ್ಯಾಕೆ?"

ಅವನು ಕೆಟ್ಟವನಲ್ಲ. ಕೆಟ್ಟವನಾಗುವುದಕ್ಕೂ ಸ್ವಲ್ಪ ಗುಂಡಿಗೆ ಬೇಕು. ಮರುವರ್ಷ ಅವಳ ತಮ್ಮ ಡಬ್ಬದ ಮುಚ್ಚಳ ಮಾಡುವ ಕಾರ್ಖಾನೆಗೆ ಸೇರಿದ. ಗಾರ್ಡಿಲ್ಲದ ಪ್ರೆಸ್ಸಿನ ಕೆಳಗೆ ಬಲಗೈಯ ಎರಡು ಬೆರಳು ಬಿಟ್ಟುಬಂದ.

ಬಾಮೈದ ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಈ ಮಹಾನುಭಾವ ಅಂಗಡಿಗೆ ಹೋಗಿ ರಬ್ಬರ್ ತಂದು ಮೇಜಿನ ನಾಲ್ಕು ಮೂಲೆಗೂ ಅಂಟಿಸಿದ. ಆಮೇಲೆ ಕಪಾಟಿಗೆ, ಕಿಟಕಿಗೆ, ಕೊನೆಗೆ ಕಟ್ಟಡದ ಮಕ್ಕಳ ಆಟದ ಬಂಡಿಗೆ. ಮಕ್ಕಳು 'ರಬ್ಬರ್ ಮಾವ' ಎಂದು ಹೆಸರಿಟ್ಟವು. ಬಾಮೈದ ಬಂದಾಗಲೆಲ್ಲ ತಲೆ ತಗ್ಗಿಸಿ ಕೂತು ಕಿತ್ತಳೆ ಸುಲಿದು ಕೊಡುತ್ತಿದ್ದ. ಸುಲಿದುಕೊಳ್ಳಲು ತಮ್ಮನಿಗೆ ಬರುತ್ತಿತ್ತು, ಆದರೂ ಕೊಟ್ಟದ್ದನ್ನು ತಿನ್ನುತ್ತಿದ್ದ. ತಪ್ಪಾಯಿತು ಎಂಬ ಒಂದು ಮಾತಿನ ಬದಲು ಆ ಮನೆಯಲ್ಲಿ ಬುಟ್ಟಿಗಟ್ಟಲೆ ಕಿತ್ತಳೆ ಖರ್ಚಾಯಿತು.

*

ನಿರ್ದೇಶಕರು ತಮ್ಮನ ಕಡೆ ತಿರುಗಿ ಅಭ್ಯಾಸಬಲದಿಂದ ಅವನ ಬಲಗೈ ಹಿಡಿದು ಕುಲುಕಿದರು. ಹತ್ತಿ ತುಂಬಿದ ಎರಡು ಬೆರಳು ಅವರ ಮುಷ್ಟಿಯಲ್ಲಿ ಅಪ್ಪಚ್ಚಿಯಾದವು. ಅವರು ಕೈಯನ್ನು ಬಿಡಲೂ ಆಗದೆ ಹಿಡಿಯಲೂ ಆಗದೆ ನಿಂತರು.

"ಇಡಿ ಸರ್, ಭಾವನ ಹೆಸರೇ ಇಡಿ," ಎಂದ ತಮ್ಮ. "ಹೆಸರಿನ ಕೆಳಗೆ ತಾರೀಕೂ ಹಾಕಿ. ನಿಯಮ ಬಂದ ತಾರೀಕಲ್ಲ. ಭಾವ ಸೀಮೆಸುಣ್ಣ ಇಟ್ಟು ನೋಡಿದ ತಾರೀಕು."

"ತಾರೀಕು..." ನಿರ್ದೇಶಕರು ಕೆಮ್ಮಿದರು. "ಅದು ಸ್ವಲ್ಪ ಸೂಕ್ಷ್ಮ ವಿಚಾರಪ್ಪ. ಪರಿಶೀಲನೆ ಮಾಡಬೇಕಾಗುತ್ತೆ."

ಹೆಂಡತಿ ನಕ್ಕುಬಿಟ್ಟಳು. ಗಂಡನ ಹೆಣ ಮೆಟ್ಟಿಲ ಮೇಲಿರುವಾಗ ನಗಬಾರದೆಂದು ಗೊತ್ತಿದ್ದೂ ನಕ್ಕಳು. "ಬೇಡ ಬಿಡಿ ಹಾಗಾದ್ರೆ. ಅವರು ಹೆದರಿಕೊಂಡೇ ಬದುಕಿದ್ರು. ಸತ್ತ ಮೇಲೂ ನಿಮ್ಮ ಕೈಕೆಳಗೆ ಯಾಕಿರಬೇಕು?"

ನಿರ್ದೇಶಕರ ಕಿವಿ ಕೆಂಪಾಯಿತು. ಸಿಟ್ಟನ್ನು ಯಾರ ಮೇಲಾದರೂ ತೀರಿಸಿಕೊಳ್ಳಬೇಕಿತ್ತು. ದಡದಡ ಇಳಿದು ಪೆಟ್ಟಿಗೆಯ ಅಂಚಿಗೆ ಕೈಯಿಟ್ಟು, "ಏನ್ರೀ, ಇನ್ನೂ ನೋಡ್ತಾ ನಿಂತಿದ್ದೀರಲ್ಲ! ಎಳೀರಿ!" ಎಂದು ಗದರಿದರು. ನಾಲ್ವರೂ ಒಮ್ಮೆಲೇ ಎಳೆದರು. ಪೆಟ್ಟಿಗೆ ಜಾರಿ ಗೋಡೆಗೆ ಒರಗಿತು.

"ಅಯ್ಯಯ್ಯೋ ಬೆರಳು! ನನ್ನ ಬೆರಳು!" ಎಂದು ನಿರ್ದೇಶಕರು ಚೀರಿದರು.

ತಜ್ಞರು ಗರಬಡಿದವರಂತೆ ಒಬ್ಬರ ಮುಖ ಒಬ್ಬರು ನೋಡಿದರು. ಇಳಿಸಬೇಕೋ ಎತ್ತಬೇಕೋ, ಯಾರಿಗೂ ತೋಚಲಿಲ್ಲ.

ಅವಳ ತಮ್ಮ ಓಡಿ ಇಳಿದು ಬಂದು, ಕೈಗವಸನ್ನು ಹಲ್ಲಿನಿಂದ ಕಚ್ಚಿ ಎಳೆದು ಬಿಸಾಡಿದ. ಉಳಿದ ಬೆರಳುಗಳನ್ನು ಪೆಟ್ಟಿಗೆಯಡಿಗೆ ತೂರಿಸಿ, ಹೆಗಲು ಕೊಟ್ಟು ಎತ್ತಿದ. ಪೆಟ್ಟಿಗೆ ಓರೆಯಾಗಿ ಮೇಲೆದ್ದಿತು, ನಿರ್ದೇಶಕರ ಕೈ ಹೊರಬಂತು. ಅವನು ಪೆಟ್ಟಿಗೆಯನ್ನು ಕೆಳಗಿಡಲಿಲ್ಲ.

"ಬನ್ನಿ ಭಾವ, ಹೋಗೋಣ," ಎಂದ. ಪೆಟ್ಟಿಗೆ ತಿರುವು ದಾಟಿ ಇಳಿಯಿತು.

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಹಿಂದೆಯೇ ಇಳಿದಳು. ಮೆಟ್ಟಿಲು ಖಾಲಿಯಾಯಿತು. ನಿರ್ದೇಶಕರು ಬಿದ್ದಿದ್ದ ಕೈಗವಸಿನ ಪಕ್ಕದಲ್ಲೇ ಕುಸಿದು ಕೂತು, ಬೆರಳುಗಳಿಗೆ ಉಫ್ ಉಫ್ ಎಂದು ಊದಿಕೊಂಡು, ಒಂದೊಂದನ್ನೇ ಮಡಚಿ ಬಿಡಿಸಿ ನೋಡಿಕೊಂಡರು. ಐದೂ ಇದ್ದವು.