ಹೊಸ ಕೆಲಸದ ಸಿಹಿ

“ಒಂದು ಯಾಕೆ ಮಾಮ, ಇನ್ನೊಂದು ತಗೊಳ್ಳಿ. ಸಕ್ಕರೆ ಕಾಯಿಲೆ ಇಲ್ಲ ತಾನೆ?”

“ಇದ್ದರೇನೀಗ? ಮನೇಲಿ ನಮ್ಮವಳಿಗೆ ಹೇಳಬೇಡ, ಅಷ್ಟೇ.” ಕುಂಚೊ ಮಾಮ ಚಾಕೊಲೇಟಿನ ಕಾಗದ ಬಿಚ್ಚುತ್ತ ಕನ್ನಡಕದ ಮೇಲಿಂದ ನೋಡಿದ. “ಯಾವ ಸಂತೋಷಕ್ಕಮ್ಮ ಇದು?”

ಕಾರಣ ಕೇಳದೆ ರೂಸೆ ಪಟ್ಟಣದಲ್ಲಿ ಯಾರೂ ಹಂಚಿದ ಸಿಹಿ ತಿನ್ನುವುದಿಲ್ಲ. ಕೇಳಬೇಕು, ತಿನ್ನಬೇಕು, ಹರಸಬೇಕು. ಆ ನಕ್ಷೆ ಕಚೇರಿ ನಡೆಸುವ ಸ್ನೆಜಾನಾ ಮಾತ್ರ ಕೇಳದೆಯೇ ಬಾಯಿಗೆ ಹಾಕಿಕೊಂಡಿದ್ದಳು. ಉತ್ತರ ಅವಳಿಗೆ ಗೊತ್ತಿತ್ತು.

“ಇದೇನು ಕೇಳ್ತೀರಿ ಮಾಮ, ಕೆಲಸ ಸಿಕ್ಕಿದ್ದಕ್ಕೆ!” ಮಿಗ್ಲೆನಾ ನಕ್ಕಳು. ಹೊಸ ಕುಪ್ಪಸ ತೊಟ್ಟಿದ್ದಳು. ಬೇಕರಿಯಲ್ಲಿ ಕಟ್ಟಿ ಕಟ್ಟಿ ಕೂದಲಲ್ಲಿ ಬಿದ್ದ ತಲೆವಸ್ತ್ರದ ಗೆರೆ ಇನ್ನೂ ಹೋಗಿರಲಿಲ್ಲ. “ಕೆಳಗೆ ಬೇಕರಿಯವರಿಗೂ ಕೊಟ್ಟೆ. ನಾಳೆಯಿಂದ ನಿಮ್ಮ ಒಲೆ ನೀವೇ ನೋಡ್ಕೊಳ್ಳಿ, ನಾನು ಮೇಲೆ ಮನೆ ನಕ್ಷೆ ಬರೀತೀನಿ ಅಂದೆ. ಒಬ್ಬಳು ಅತ್ತೇಬಿಟ್ಟಳು.”

ಸ್ನೆಜಾನಾ ಚಾಕೊಲೇಟಿನ ಖಾಲಿ ಕಾಗದವನ್ನು ಸಣ್ಣಗೆ ಮಡಚತೊಡಗಿದಳು.

ಪರೀಕ್ಷೆಗೆಂದು ಕರೆಸಿದ ದಿನ ಮಿಗ್ಲೆನಾ ಚೆನ್ನಾಗಿಯೇ ಕೆಲಸ ಮಾಡಿದ್ದಳು. ನಡುವೆ ಎರಡು ಸಲ ಶಿಶುವಿಹಾರದಿಂದ ಫೋನು ಬಂತು, ಮಗನಿಗೆ ಉಬ್ಬಸ. “ಹೋಗು, ಹೋಗು, ಮಕ್ಕಳಿಗಿಂತ ಹೆಚ್ಚೇನೇ? ನೀನಿನ್ನು ನಮ್ಮವಳು,” ಎಂದು ಸ್ನೆಜಾನಾಳೇ ಅವಳನ್ನು ಬಾಗಿಲವರೆಗೆ ಬಿಟ್ಟು ಬಂದಿದ್ದಳು. ಆಡಿದಾಗ ಆ ಮಾತು ಸುಳ್ಳಾಗಿರಲಿಲ್ಲ. ಆದರೆ ತನ್ನ ಮಗಳು ರಾದಾಳಿಗೆ ಜ್ವರ ಬಂದಾಗಲೆಲ್ಲ ತಾನು ಬಿಟ್ಟು ಓಡಿದ ಕೆಲಸಗಳನ್ನು ಆಮೇಲೆ ಕುಂಚೊ ಮಾಮ ಹೊತ್ತಿದ್ದು ನೆನಪಾಯಿತು. ಓಡುವವರು ಇಬ್ಬರಾದರೆ? ಇದೇ ಕೆಲಸ ಕೇಳಿದ್ದ ಇಲಿಯಾ ಗಡಿಯಾಚೆ ಮೊಲ್ದೋವಾದ ತರಕ್ಲಿಯಾದಲ್ಲಿದ್ದ. ನಮ್ಮದೇ ಭಾಷೆಯವನು, ಒಬ್ಬಂಟಿ, ಮನೆಯಲ್ಲೇ ಕೂತು ನಕ್ಷೆ ಬರೆದು ಕಳಿಸುತ್ತೇನೆ ಎಂದಿದ್ದ. ಶುಕ್ರವಾರ ಅವನಿಗೆ ಹೂಂ ಎಂದಳು. ಮಿಗ್ಲೆನಾಳಿಗೆ ಇಲ್ಲ ಎನ್ನಲು ಫೋನು ಮಾಡಿದವಳು, ಆ ಕಡೆಯಿಂದ ಮಗುವಿನ ಕೆಮ್ಮು ಕೇಳಿಸಿದ್ದೇ, “ಸೋಮವಾರ ಬಾ, ಎಲ್ಲರೂ ಇರ್ತೀವಿ,” ಎಂದು ಇಟ್ಟುಬಿಟ್ಟಿದ್ದಳು. ಕುಂಚೊ ಮಾಮನಿಗೂ ಹೇಳಿರಲಿಲ್ಲ.

“ಇದು ನಿಮ್ಮ ರಾದಾಗೆ,” ಎಂದು ಮಿಗ್ಲೆನಾ ಇನ್ನೊಂದು ಚಾಕೊಲೇಟನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. “ಶಿಶುವಿಹಾರದ ಫೋನಿನ ಚಿಂತೆ ಬಿಡಿ ಅಕ್ಕ, ಅತ್ತೇನ ಹಳ್ಳಿಯಿಂದ ಕರೆಸ್ಕೊಂಡಿದೀನಿ. ಎಲ್ಲಿ ಕೂರಲಿ? ಇಲ್ಲೇ ತಾನೆ?”

ಖಾಲಿ ಮೇಜಿನ ಮೇಲೆ ಬೆಳಿಗ್ಗೆ ಸ್ನೆಜಾನಾ ಇಟ್ಟ ಕಂಪ್ಯೂಟರ್ ಪರದೆಯೊಂದಿತ್ತು. ಮಿಗ್ಲೆನಾ ಅಲ್ಲಿ ಚೀಲ ಇಡುವಷ್ಟರಲ್ಲಿ ಅದು ಬೆಳಗಿತು. ಗಡ್ಡದ ಮುಖವೊಂದು ಮೂಡಿತು.

“ನಮಸ್ಕಾರ ಮೇಡಂ, ಇಲಿಯಾ. ಮೊದಲ ದಿನ ಅಲ್ವಾ, ಸ್ವಲ್ಪ ಬೇಗನೇ ಕೂತೆ.”

ಕುಂಚೊ ಮಾಮ ಅಗಿಯುವುದನ್ನು ನಿಲ್ಲಿಸಿ ಸ್ನೆಜಾನಾಳ ಕಡೆ ತಿರುಗಿದ. “ಈ ಕಂಪ್ಯೂಟರು ಈ ಹುಡುಗಿಗೆ ತಂದಿದ್ದಲ್ವೇನೇ?”

“ಅವರಿಗೆ... ಈ ಥರದ ಕೆಲಸ ಮುಂಚೆ ಮಾಡಿ ಗೊತ್ತು,” ಎಂದಳು ಸ್ನೆಜಾನಾ. ಅದು ಸುಳ್ಳೆಂದು ಕುಂಚೊ ಮಾಮನಿಗೆ ಗೊತ್ತಾಯಿತು, ಅವಳಿಗೂ ಗೊತ್ತಿತ್ತು.

“ಮಗೂಗೋಸ್ಕರ ಅಲ್ವಾ ಅಕ್ಕ?” ಮಿಗ್ಲೆನಾಳ ದನಿ ಏರಲಿಲ್ಲ. “ಫೋನಲ್ಲೇ ಹೇಳಿಬಿಟ್ಟಿದ್ದರೆ ಆಗ್ತಿತ್ತು. ಒಲೆ ಬಿಟ್ಟು ಬರ್ತಿರಲಿಲ್ಲ.”

ಚೀಲವನ್ನು ಮತ್ತೆ ಹೆಗಲಿಗೆ ಏರಿಸಿಕೊಂಡಳು. ಚಾಕೊಲೇಟಿನ ಡಬ್ಬಿ ಕೈಯಲ್ಲೇ ಇತ್ತು. ಅದರ ಕಡೆ ಒಮ್ಮೆ ನೋಡಿ ಪರದೆಯ ಮುಂದೆ ಇಟ್ಟು, ಮುಚ್ಚಳ ತೆರೆದು ಅವನ ಕಡೆ ತಿರುಗಿಸಿದಳು.

“ಹೊಸ ಕೆಲಸದ ಸಿಹಿ ನೀವು ಹಂಚಬೇಕಿತ್ತು. ಅಷ್ಟು ದೂರದಿಂದ ಹೇಗೆ ಹಂಚ್ತೀರಿ? ನಿಮ್ಮ ಪರವಾಗಿ ನಾನೇ ಹಂಚಿದೆ ಅಂದ್ಕೊಳ್ಳಿ. ಒಳ್ಳೇದಾಗಲಿ.”

“ಅಯ್ಯೋ, ಥ್ಯಾಂಕ್ಸ್!” ಇಲಿಯಾ ಮನಸಾರೆ ನಕ್ಕ. “ಎಂಥ ಒಳ್ಳೇ ಜನ ನೀವು!”

ಮೆಟ್ಟಿಲಿನ ಮೇಲೆ ಅವಳ ಹೆಜ್ಜೆಗಳು ಇಳಿದವು. ಕುಂಚೊ ಮಾಮ ಎರಡನೆಯ ಚಾಕೊಲೇಟನ್ನು ಮತ್ತೆ ಕಾಗದದಲ್ಲಿ ಸುತ್ತಿ, ಡಬ್ಬಿಯಲ್ಲಿ ಅದಿದ್ದ ಜಾಗದಲ್ಲೇ ಇಟ್ಟ. ತನ್ನ ನಕ್ಷೆಯ ಮೇಲೆ ಬಗ್ಗಿದ.

ಸ್ನೆಜಾನಾ ಕಿಟಕಿಗೆ ಹೋದಳು. ನದಿಯ ಮಂಜು ಬೀದಿಯವರೆಗೂ ಬಂದಿತ್ತು. ಕೆಳಗೆ ಮಿಗ್ಲೆನಾ ಬೇಕರಿಯ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ನಿಂತಿದ್ದಳು. ತಳ್ಳಲೂ ಇಲ್ಲ, ಹೊರಟುಹೋಗಲೂ ಇಲ್ಲ. ಒಳಗಿಂದ ಬಂದ ಮುದುಕನೊಬ್ಬ ಬಿಸಿ ರೊಟ್ಟಿಯನ್ನು ಎದೆಗೆ ಅವುಚಿಕೊಂಡು, ಅವಳಿಗಾಗಿ ಬಾಗಿಲನ್ನು ತೆರೆದು ಹಿಡಿದ.

“ಮೇಡಂ?” ಹಿಂದಿನಿಂದ ಇಲಿಯಾ ಕರೆಯುತ್ತಿದ್ದ. “ಇದೀರಾ? ನೀವು ಕಾಣಿಸ್ತಾ ಇಲ್ಲ.”

ಮುದುಕ ಬಾಗಿಲು ಹಿಡಿದುಕೊಂಡೇ ಇದ್ದ. ಮಡಚಿದ ಬೆರಳುಗಳ ಸಂದಿಯಿಂದ ರಾದಾಳ ಚಾಕೊಲೇಟು ಕರಗಿ ಸ್ನೆಜಾನಾಳ ಮಣಿಕಟ್ಟಿನತ್ತ ಇಳಿಯತೊಡಗಿತ್ತು.