ಕ್ಯಾಮೆರಾದ ಹಣೆ

ಲೆನ್ಸಿನ ಮುಚ್ಚಳ ತೆಗೆಯುವುದನ್ನೇ ನಂದಿತಾ ತನ್ನ ಮೊದಲ ರೋಲಿನಲ್ಲಿ ಮರೆತಿದ್ದಳು. ಮದುವೆಯಾದ ವರ್ಷ ಗಂಡ ಶಶಿಕುಮಾರ್ ಕೊಡಿಸಿದ ಆ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಕಿಂಡಿ ಬೇರೆ, ಚಿತ್ರ ಹಿಡಿಯುವ ಲೆನ್ಸ್ ಬೇರೆ. ಲೆನ್ಸಿಗೆ ಮುಚ್ಚಳ ಹಾಕಿದ್ದರೂ ಕಿಂಡಿಯಲ್ಲಿ ಎಲ್ಲವೂ ನಿಚ್ಚಳವಾಗಿಯೇ ಕಾಣುತ್ತದೆ. ಅರ್ಧ ರೋಲಿನಲ್ಲಿ ಏನೂ ಮೂಡಿರಲಿಲ್ಲ. "ಗಾಳಿ ಫೋಟೋ ತೆಗೆಯೋಳು ಇಡೀ ಬೆಂಗಳೂರಲ್ಲಿ ನೀನೊಬ್ಳೇ ಕಣೇ" ಎಂದು ಶಶಿ ವಾರವೆಲ್ಲ ರೇಗಿಸಿದ.

ಚಾಮರಾಜಪೇಟೆಯ ಅವರ ಬೀದಿಯ ತುದಿಯಲ್ಲಿ ಸ್ಟುಡಿಯೋ ಇಟ್ಟಿದ್ದ ಶ್ರೀನಿವಾಸಯ್ಯನವರು ಮಾತ್ರ ನಗಲಿಲ್ಲ. ಖಾಲಿ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, "ನೀವು ಹಾಳ್ಮಾಡಿದ್ದು ನಿಮ್ಮನೆ ಹೂಕುಂಡ ತಾನೇಮ್ಮ? ನಾನು ಹಾಳ್ಮಾಡಿದ್ದು ಒಬ್ಬರ ಮದುವೆ" ಎಂದರು. ಆಮೇಲೆ ಸಂಜೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ಒಂದೊಂದಾಗಿ ಹೇಳಿಕೊಟ್ಟರು. ಬಿಸಿಲಿಗೆ ಮುಖವೊಡ್ಡಿ ನಿಲ್ಲಿಸಬೇಡಿ, ಕಣ್ಣು ಕಿರಿದಾಗುತ್ತೆ. ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿಕೊಳ್ಳಿ. ಉಸಿರು ಪೂರ್ತಿ ಬಿಡಿ, ಬಿಟ್ಟ ಮೇಲೆ ಬೆರಳು ಒತ್ತಿ.

ಅವಳು ಕಲಿತಳು. ತಲೆ ಕತ್ತರಿಸಿಹೋಗುವುದು ನಿಂತಿತು, ಕೈ ನಡುಗುವುದು ಕಡಿಮೆಯಾಯಿತು. ಅಷ್ಟರಲ್ಲಿ ದಸರಾ ಬಂತು. ದಸರೆಯ ಜೊತೆಗೇ ಮಾವ ದೊಡ್ಡಬೈರಪ್ಪನವರ ಎದೆನೋವೂ ಬಂತು. ಡಾಕ್ಟರು ವಿಜಯದಶಮಿಯ ಮಾರನೆಯ ದಿನವೇ ಆಪರೇಷನ್ ಎಂದರು.

"ಹೋಗೋಕ್ ಮುಂಚೆ ನಂದೊಂದು ಫೋಟೋ ತೆಗಿಯವ್ವ," ಎಂದರು ಮಾವ ಊಟಕ್ಕೆ ಕೂತಾಗ. "ನಗ್ತಿರೋದು. ಇರೋ ಫೋಟೋದಲ್ಲೆಲ್ಲ ಪೊಲೀಸ್ನೋರು ಹಿಡ್ಕೊಂಡ್ ಬಂದು ನಿಲ್ಸಿದಂಗಿದೀನಿ."

ಬಡಿಸುತ್ತಿದ್ದ ಅತ್ತೆ ಮುನಿಲಕ್ಷ್ಮಮ್ಮನ ಸೌಟು ನಿಂತಿತು. "ಎದೆ ಕೊಯ್ಸ್ಕೊಳೋಕ್ ಹೋಗೋ ಹೊತ್ನಲ್ಲಿ ಫೋಟೋ ಅಂತೆ. ಗೋಡೆಗ್ ಹಾಕೋಕಾ?"

ನಡುಮನೆಯ ಗೋಡೆಯ ಮೇಲೆ ಗಂಧದ ಹಾರ ಹಾಕಿದ ಪಟಗಳಿದ್ದವು, ಎಲ್ಲರೂ ಹೋದವರೇ. ನಂದಿತಾ ಆ ಪಟಗಳನ್ನೇ ನೋಡಿದಳು. ಫೋಟೋ ಕೆಟ್ಟು ಮಾವನಿಗೆ ಏನಾದರೂ ಆದರೆ ಅವರ ನಗುವೇ ಉಳಿಯುವುದಿಲ್ಲ. ಫೋಟೋ ಚೆನ್ನಾಗಿ ಬಂದು ಏನಾದರೂ ಆದರೆ, ಅದನ್ನು ತೆಗೆದವಳು ತಾನು.

ಆಯುಧಪೂಜೆಯ ದಿನ ಮಾವನ ಕಾಟನ್‌ಪೇಟೆ ಅಂಗಡಿಯ ತಕ್ಕಡಿ, ಶಶಿಯ ಸ್ಕೂಟರು, ಈಳಿಗೆಮಣೆ, ಸುತ್ತಿಗೆ ಎಲ್ಲವೂ ತೊಳೆಸಿಕೊಂಡು ಸಾಲಾಗಿ ಕೂತವು. "ನಿನ್ ಡಬ್ಬಾನೂ ತಗೊಂಬಾ, ಅದೇನ್ ಪಾಪ ಮಾಡಿದೆ" ಎಂದು ಅತ್ತೆಯೇ ಕರೆದರು. ಕೋಪ ಇಳಿದಿದೆ ಎಂದುಕೊಂಡು ನಂದಿತಾ ಕ್ಯಾಮೆರಾವನ್ನು ಅವರ ಮುಂದಿಟ್ಟು ಒಬ್ಬಟ್ಟು ತಟ್ಟಲು ಒಳಗೆ ಹೋದಳು. ತಿರುಗಿ ಬಂದಾಗ ಕ್ಯಾಮೆರಾದ ಮೇಲೊಂದು ಸೇವಂತಿಗೆ ಇತ್ತು. ಮುಚ್ಚಳ ಹಾಕಿಯೇ ಇತ್ತು.

ಮರುದಿನ ಬೆಳಿಗ್ಗೆ ಜಗಲಿಯ ನೆರಳಿನಲ್ಲಿ ಮಾವ ಕುರ್ಚಿ ಹಾಕಿಕೊಂಡು ಕೂತರು. ಹೊಸ ಪಂಚೆ, ಹೆಗಲ ಮೇಲೆ ಟವೆಲು. ನಂದಿತಾ ಕಿಂಡಿಗೆ ಕಣ್ಣಿಟ್ಟವಳೇ ಮುಚ್ಚಳ ನೆನಪಾಗಿ, ಬೆರಳಲ್ಲೇ ತಡವಿ ಅದನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೊಣಕೈ ಪಕ್ಕೆಗೆ ಒತ್ತಿದಳು. ಕಿಂಡಿಯೊಳಗೆ ಮಾವನ ಕುತ್ತಿಗೆಯ ನರ ಹೊಡೆದುಕೊಳ್ಳುವುದು ಕಾಣಿಸಿತು. ಅವರೂ ಹೆದರಿದ್ದಾರೆ ಎಂದು ಅವಳಿಗೆ ಆಗಲೇ ಗೊತ್ತಾದದ್ದು.

"ಮುನ್ಲಕ್ಷ್ಮೀ, ಬಾರೇ ಪಕ್ಕಕ್ಕೆ!"

"ನಾನ್ ಬರಕಿಲ್ಲ," ಎಂದಿತು ಬಾಗಿಲ ಹಿಂದಿನ ದನಿ.

"ನೋಡವ್ವ, ಮದ್ವೇಲೂ ಹಿಂಗೇ ಅಂದಿದ್ಳು" ಎಂದು ಮಾವ ನಕ್ಕುಬಿಟ್ಟರು. ನಂದಿತಾ ಉಸಿರು ಬಿಟ್ಟಳು, ಒತ್ತಿದಳು. ಎರಡನೆಯದು, ಮೂರನೆಯದು. ರೋಲು ಮುಗಿಯಿತು. ಅದನ್ನು ಬಿಚ್ಚಿ ಸ್ಟುಡಿಯೋಗೆ ಕೊಟ್ಟು ಬರುವ ಹೊತ್ತಿಗೆ ಮಾವನನ್ನು ಆಸ್ಪತ್ರೆಗೆ ಕರೆದೊಯ್ಯಲು ಕಾರು ಬಂದಿತ್ತು.

ಆಪರೇಷನ್ ದಿನ ಬೆಳಿಗ್ಗೆ, ಹೊರಡುವ ಮುನ್ನ, ಕ್ಯಾಮೆರಾವನ್ನು ಬೀರುವಿನಲ್ಲಿಡಲು ಹೋದಳು. ಸೇವಂತಿಗೆಯ ಎಸಳು ಸಿಕ್ಕಿಕೊಂಡಿದೆಯೇನೋ ಎಂದು ಮುಚ್ಚಳ ತೆಗೆದು ತಿರುಗಿಸಿದಳು.

ಲೆನ್ಸಿನ ನಟ್ಟನಡುವೆ ಅರಿಶಿನದ ನೀರಿನಲ್ಲಿ ಕಲಸಿ ಇಟ್ಟ ಕುಂಕುಮ, ದುಂಡಗೆ, ಒಣಗಿ ಕೂತಿತ್ತು.

ನಂದಿತಾ ಹಾಸಿಗೆಯ ಅಂಚಿನಲ್ಲಿ ಕೂತಳು. ಕಿಂಡಿಯಲ್ಲಿ ಅಷ್ಟು ಸ್ವಚ್ಛವಾಗಿ ಕಂಡ ಮಾವ! ಮುಚ್ಚಳ ತೆಗೆದಳೇ ಹೊರತು ಲೆನ್ಸನ್ನು ಮುಂದಿನಿಂದ ಒಮ್ಮೆಯೂ ನೋಡಿರಲಿಲ್ಲ. ಆ ನಗುವಿನ ಮುಖದ ಮೇಲೆ ಕೆಂಪು ಬಳಿದಂತಾಗಿರುತ್ತದೆ. ಇದು ಅತ್ತೆಗೆ ತಿಳಿದರೆ? ಗಂಡನ ಮುಖವನ್ನು ತನ್ನ ಕೈಯ ಕುಂಕುಮವೇ ಅಳಿಸಿತು ಅಂತ ಗೊತ್ತಾದ ಹೆಂಗಸು, ಇಂಥ ದಿನ, ಹೇಗೆ ತಡೆದುಕೊಂಡಾಳು? ಹೇಳಬಾರದು ಎಂದುಕೊಂಡಳು. ತಪ್ಪು ನನ್ನದೇ ಅನ್ನಬೇಕು. ಲೆನ್ಸನ್ನು ಕರವಸ್ತ್ರದಲ್ಲಿ ಒರೆಸಿ ಬೀರುವಿಗೆ ಬೀಗ ಹಾಕಿದಳು.

ಆಸ್ಪತ್ರೆಯ ಬೆಂಚಿನ ಮೇಲೆ ಅತ್ತೆ ಬೆಳಿಗ್ಗೆಯಿಂದ ಒಂದೇ ಭಂಗಿಯಲ್ಲಿ ಕೂತಿದ್ದರು. ಯಾರೋ ಗುರುತಿಲ್ಲದ ಹೆಂಗಸು ತನ್ನ ಫ್ಲಾಸ್ಕಿನ ಕಾಫಿಯನ್ನು ಬಗ್ಗಿಸಿ ಅವರ ಕೈಗಿಟ್ಟು, ಏನೂ ಕೇಳದೆ ಹೋಗಿ ತನ್ನ ಜಾಗದಲ್ಲಿ ಕೂತಳು. ಮಧ್ಯಾಹ್ನ ಕಳೆಯಿತು. ಅತ್ತೆ ಇದ್ದಕ್ಕಿದ್ದಂತೆ ತಿರುಗಿ, "ಫೋಟೋ ಚೆನ್ನಾಗ್ ಬಂದಿರ್ತದೆ ಅಲ್ವೇನಮ್ಮ?" ಎಂದರು.

ಬೇಡವೆಂದವರೇ ಈಗ ಅದನ್ನು ಕೇಳುತ್ತಿದ್ದರು. "ತಗೊಂಬರ್ತೀನಿ ಅತ್ತೆ," ಎಂದಷ್ಟೇ ಹೇಳಿ ನಂದಿತಾ ಎದ್ದಳು.

ಸ್ಟುಡಿಯೋದಲ್ಲಿ ಶ್ರೀನಿವಾಸಯ್ಯನವರು ಪ್ರಿಂಟುಗಳನ್ನು ಮೊದಲಿನಿಂದ ಒಂದೊಂದೇ ಇಟ್ಟರು. ಹಬ್ಬಕ್ಕೆ ಮುಂಚೆ ತೆಗೆದ, ಅವರ ಬೀದಿಯಲ್ಲಿ ಹೂ ಕಟ್ಟುವ ಸಿದ್ದಮ್ಮನ ಬೆರಳು, ಹೂವಿನ ನಾರು ಎಣಿಸುವಷ್ಟು ಸ್ಪಷ್ಟ. ಕೊನೆಯ ಮೂರನ್ನು ಇಡುವಾಗ ಅವರ ಕೈ ನಿಧಾನವಾಯಿತು. ಜಗಲಿ, ಕುರ್ಚಿ, ಮನುಷ್ಯ, ಎಲ್ಲವೂ ಕೆಂಪು ಮಂಜಿನಲ್ಲಿ ಕರಗಿದ್ದವು.

"ಒಂದನ್ನ ಗಾಢವಾಗಿ ಪ್ರಿಂಟ್ ಹಾಕಿಸ್ದೆ. ಲ್ಯಾಬಲ್ಲಿ ನಾನೇ ನಿಂತಿದ್ದೆ," ಎಂದು ಇನ್ನೊಂದು ಪ್ರಿಂಟು ತೆಗೆದರು. ಅದರಲ್ಲಿ ಕಣ್ಣು ಇರಬಹುದಾದ ಜಾಗ ಕಾಣುತ್ತಿತ್ತು. ಹಲ್ಲು ಕಾಣುತ್ತಿತ್ತು. "ಲೆನ್ಸ್ ಮೇಲೇನೋ ಇತ್ತಮ್ಮ. ನಿಮ್ಮ ಕೈ ಮಾತ್ರ ಅಲ್ಲಾಡಿಲ್ಲ, ನೋಡಿ, ಕುರ್ಚಿ ಕಾಲು ನೆಟ್ಟಗಿದೆ."

ತಿರುಗಿ ಹೋಗುವಷ್ಟರಲ್ಲಿ ಆಪರೇಷನ್ ಮುಗಿದಿತ್ತು. ಮಾವನಿಗೆ ಎಚ್ಚರವಾಗಿರಲಿಲ್ಲ. ಆಗಬೇಕಾದ ಹೊತ್ತು ಮೀರಿದೆ ಎಂದು ಶಶಿ ಕಿವಿಯಲ್ಲಿ ಹೇಳಿ, ಡಾಕ್ಟರನ್ನು ಹುಡುಕಿಕೊಂಡು ಹೋದ. ಅತ್ತೆ ಕೈ ಚಾಚಿದರು. ಆ ಗಾಢ ಪ್ರಿಂಟನ್ನು ಕೊಡದೆ ವಿಧಿಯಿರಲಿಲ್ಲ.

"ನನ್ ಕೈ ಅಲ್ಲಾಡ್ಬಿಡ್ತು ಅತ್ತೆ. ತಪ್ಪಾಯ್ತು."

ಮುನಿಲಕ್ಷ್ಮಮ್ಮ ಫೋಟೋವನ್ನು ಹತ್ತಿರ ಹಿಡಿದರು, ದೂರ ಹಿಡಿದರು. "ಕೈ ಅಲ್ಲಾಡಿದ್ರೆ ಕೆಂಪಗಾಗ್ತದಾ?" ಎಂದರು ಮೆಲ್ಲಗೆ. ಅತ್ತೆ ತಮ್ಮ ಉಂಗುರದ ಬೆರಳ ತುದಿಯನ್ನೇ ನೋಡಿಕೊಂಡರು. "ಎಲ್ಲಕ್ಕೂ ಇಟ್ಟೆ. ಇದರ ಹಣೆ ಎಲ್ಲಿ ಅಂತ ಗೊತ್ತಾಗ್ಲಿಲ್ಲ ಕಣಮ್ಮ. ಮುಚ್ಚಳ ತೆಗ್ದೆ, ಒಳಗೆ ದುಂಡಗೆ ಹೊಳೀತಿತ್ತು, ಇದೇ ಇರ್ಬೇಕು ಅಂತ..." ಅವರು ಬೆರಳನ್ನು ಸೆರಗಿಗೆ ಒರೆಸಿಕೊಂಡರು. "ನಾನೇ ಅಳಿಸ್ಬಿಟ್ನಾ?"

"ಇಲ್ಲ ಅತ್ತೆ. ಇಲ್ಲಿ ನೋಡಿ, ಹಲ್ಲು. ನೀವು ಬರಕಿಲ್ಲ ಅಂದ್ರಲ್ಲ, ಅದಕ್ಕೇ ನಗ್ತಿರೋದು."

ಇಬ್ಬರೂ ಆ ಕೆಂಪು ಮಂಜಿನೊಳಗೆ ಹಲ್ಲನ್ನು ಹುಡುಕುತ್ತ ಕೂತಿದ್ದಾಗ ಬಾಗಿಲು ತೆರೆಯಿತು. "ದೊಡ್ಡಬೈರಪ್ಪ ಕಡೆಯೋರು ಯಾರ್ರೀ?"

ನರ್ಸಿನ ಮುಖದಲ್ಲಿ ಏನೂ ತಿಳಿಯಲಿಲ್ಲ. ಅತ್ತೆಯ ಕೈ ನಂದಿತಾಳ ಮಣಿಕಟ್ಟನ್ನು ಹಿಡಿಯಿತು. ಬಳೆ ಒತ್ತಿ ನೋವಾಯಿತು.

"ಕಣ್ಬಿಟ್ಟಿದಾರೆ. ಮಾತಾಡಂಗಿಲ್ಲ. ಒಬ್ರೇ ಬನ್ನಿ."

ಅತ್ತೆ ಎದ್ದರು, ಆದರೆ ಹೆಜ್ಜೆ ಏಳಲಿಲ್ಲ. ಬೆಳಿಗ್ಗೆಯಿಂದ ಹಿಡಿದಿಟ್ಟ ಉಸಿರು ಎದೆಯಲ್ಲೇ ನಿಂತಿತ್ತು.

"ಉಸಿರು ಪೂರ್ತಿ ಬಿಡಿ ಅತ್ತೆ," ಎಂದಳು ನಂದಿತಾ. "ಬಿಟ್ರಾ? ಈಗ ಹೋಗಿ."

ಅತ್ತೆ ಉಸಿರು ಬಿಟ್ಟು, ಫೋಟೋವನ್ನು ಸೆರಗಿನೊಳಗಿಟ್ಟುಕೊಂಡು ಒಳಗೆ ಹೋದರು. ಮುಚ್ಚಿದ ಬಾಗಿಲಿಗೊಂದು ದುಂಡು ಗಾಜಿತ್ತು, ಯಾರ್ಯಾರದೋ ಹಣೆ, ಬೆರಳು ತಾಗಿ ಮಸುಕಾಗಿತ್ತು. ನಂದಿತಾ ಮೊದಲು ಅದನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಕಣ್ಣಿಟ್ಟಳು.